ತೆರೆದ ಬಾಗಿಲು, ಹೊಸಿಲ ಮೇಲಿನ ಪರೀಕ್ಷೆ

ಅಮೆರಿಕಾದ ಕಮ್ಯುನಿಟಿ ಕಾಲೇಜುಗಳಿಗೆ ಒಂದು ಬಿರುದಿದೆ: 'ತೆರೆದ ಬಾಗಿಲಿನ ಕಾಲೇಜು'. ಬಿರುದು ಕಂಡರೆ ನಮಗೆ ಅನುಮಾನ. ಬಾಗಿಲು ತೆರೆದೇ ಇದೆ ಬನ್ನಿ ಅಂದ ಮನೆಗಳಲ್ಲೇ ನಮ್ಮವರನ್ನು ಜಗಲಿಯ ಕೆಳಗೆ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದು ಹೆಚ್ಚು. ಬಾಗಿಲ ಮಾತು ಹಾಗಿರಲಿ, ಒಳಗೆ ಕಾಲಿಟ್ಟವನನ್ನು ಎಲ್ಲಿ ಕೂರಿಸುತ್ತಾರೆ ಎಂಬುದನ್ನು ನೋಡಬೇಕು. ಆ ದೇಶದಲ್ಲಿ ಹಾಗೆ ಕೂರಿಸುವ ಕೆಲಸವನ್ನು ದಶಕಗಳ ಕಾಲ ಒಂದು ಪರೀಕ್ಷೆ ಮಾಡಿಕೊಂಡು ಬಂತು. ಆ ಪರೀಕ್ಷೆಯ ಬಗ್ಗೆ, ಅದರಲ್ಲಿ ಬಿದ್ದವರಿಗೆ ಪಾಠ ಹೇಳಿದ ಮೇಷ್ಟ್ರುಗಳು ಬರೆದ ಕೆಲವು ಬರವಣಿಗೆಗಳ ಬಗ್ಗೆ ಇಲ್ಲಿ ಮಾತಾಡಬೇಕೆಂದಿದ್ದೇವೆ. ದೂರದ ದೇಶದ ಉಸಾಬರಿ ನಮಗ್ಯಾಕೆ ಅಂತ ಕೇಳುವ ಗೆಳೆಯರಿದ್ದಾರೆ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ, ಈ ಕತೆಯ ಮುಖ್ಯ ಭಾಗ ನಡೆದ ಸಿಟಿ ಕಾಲೇಜಿಗೂ ಸುಮಾರು ಒಂದು ಮೈಲಿ ನಡಿಗೆ. ಎರಡೂ ಇರುವುದು ಹಾರ್ಲೆಮ್ ಎಂಬ ಕಪ್ಪು ಜನರ ಕೇರಿಯ ಮಗ್ಗುಲಲ್ಲಿ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಪ್ಯಾಂಥರ್ ಎಂಬ ಹೆಸರು ತಂದದ್ದೂ ಆ ಜನರಿಂದಲೇ. ಅವರ ಮಕ್ಕಳ ಕಾಲೇಜಿನ ಕತೆ ನಮಗೆ ಉಸಾಬರಿಯೇನಲ್ಲ.

ಕಮ್ಯುನಿಟಿ ಕಾಲೇಜು ಅಂದರೆ ಏನು ಅಂತ ಮೊದಲು ಹೇಳಿಬಿಡೋಣ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಲ್ಲಿ ಮೊದಲನೆಯದು ಶುರುವಾಯಿತು. ಈಗ ದೇಶದ ತುಂಬ ಸುಮಾರು ಒಂದು ಸಾವಿರ ಇವೆ. ಎರಡು ವರ್ಷದ ಓದು. ಅಲ್ಲಿಂದ ನಾಲ್ಕು ವರ್ಷದ ಕಾಲೇಜಿಗೆ ದಾಟಿಕೊಳ್ಳಬಹುದು, ಇಲ್ಲವೆ ನರ್ಸು, ಮೆಕ್ಯಾನಿಕ್ಕು, ಲೆಕ್ಕ ಬರೆಯುವವರಾಗಿ ಕೆಲಸಕ್ಕೆ ಸೇರಬಹುದು. ಹೈಸ್ಕೂಲು ಮುಗಿಸಿದ ಯಾರು ಬೇಕಾದರೂ ಹೋಗಿ ಸೇರಬಹುದು, ಅಂಕಪಟ್ಟಿ ನೋಡಿ ಹಿಂದಕ್ಕೆ ಕಳಿಸುವುದಿಲ್ಲ. ಬೆಳಗ್ಗೆ ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ತರಗತಿಗೆ ಬರುವವರು, ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬರುವ ಹೆಂಗಸರು, ಸೈನ್ಯದಿಂದ ವಾಪಸು ಬಂದವರು, ಮನೆಯಲ್ಲಿ ಸ್ಪಾನಿಷ್ ಮಾತಾಡುವವರು, ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಬರುವುದು ಇಲ್ಲಿಗೆ. ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜನ್ನು ನೆನೆಸಿಕೊಂಡರೆ ಅರ್ಧ ಚಿತ್ರ ಸಿಕ್ಕಿತು.

ಹೆಸರು ಬರೆಸಲು ಹೋದ ದಿನವೇ, ಇಲ್ಲವೆ ಆಮೇಲೊಂದು ದಿನ, ಒಂದು ಪರೀಕ್ಷೆ. ಅದಕ್ಕೆ ಪ್ಲೇಸ್‌ಮೆಂಟ್ ಟೆಸ್ಟ್ ಅನ್ನುತ್ತಾರೆ. ಕೆಲಸ ಕೊಡಿಸುವ ಪ್ಲೇಸ್‌ಮೆಂಟ್ ಅಂತ ನಮ್ಮ ಹುಡುಗರು ತಪ್ಪು ತಿಳಿಯಬಾರದು. ಇದು ಯಾರನ್ನು ಯಾವ ತರಗತಿಯಲ್ಲಿ ಕೂರಿಸಬೇಕು ಅಂತ ಜಾಗ ಗೊತ್ತು ಮಾಡುವ ಪರೀಕ್ಷೆ. ಇಂಗ್ಲಿಷ್ ಓದು, ಇಂಗ್ಲಿಷ್ ಬರಹ, ಗಣಿತ ಎಂದು ಮೂರು ಭಾಗ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಆಕ್ಯುಪ್ಲೇಸರ್, ಎಸಿಟಿ ಎಂಬ ಇನ್ನೊಂದು ಸಂಸ್ಥೆಯ ಕಂಪಾಸ್ ಎಂಬಿವು ಬಹಳ ಕಾಲ ಇಡೀ ದೇಶವನ್ನು ಹಂಚಿಕೊಂಡು ಆಳಿದವು. ಕಂಪ್ಯೂಟರ್ ಮುಂದೆ ಕೂತು ಉತ್ತರ ಒತ್ತಬೇಕು. ಸರಿ ಉತ್ತರ ಒತ್ತಿದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ. ಮುಗಿದ ಕೂಡಲೇ ಒಂದು ಅಂಕಿ ಬರುತ್ತದೆ. ಕಾಲೇಜು ಗೆರೆ ಎಳೆದ ಅಂಕಿಗಿಂತ ಅದು ಮೇಲಿದ್ದರೆ ನೀನು ಕಾಲೇಜಿನ ತರಗತಿಗೆ, ಕೆಳಗಿದ್ದರೆ ಕೆಳಗಿನ ತರಗತಿಗೆ. ತಮಾಷೆ ಅಂದರೆ ಗೆರೆ ಎಲ್ಲ ಕಡೆಯೂ ಒಂದೇ ಇರಲಿಲ್ಲ. ಒಂದು ಕಾಲೇಜಿನಲ್ಲಿ 'ಸಿದ್ಧ' ಅನ್ನಿಸಿಕೊಂಡವನು ಅದೇ ಅಂಕಿ ಹಿಡಿದು ಇನ್ನೊಂದು ಕಾಲೇಜಿಗೆ ಹೋದರೆ 'ಸಿದ್ಧನಲ್ಲ'. ಊರು ದಾಟಿದರೆ ಜಾಣ ದಡ್ಡನಾಗುವ ಪವಾಡ!

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿತ್ತು. ಇದು ಪಾಸು ಫೇಲಿನ ಪರೀಕ್ಷೆಯಲ್ಲ, ಹೆದರಬೇಡಿ, ನಿಮಗೆ ಸರಿಯಾದ ಜಾಗ ನೋಡಲಿಕ್ಕೆ ಅಷ್ಟೆ ಅಂತ ಎಷ್ಟೋ ಕಡೆ ಹೇಳುತ್ತಿದ್ದರು. ಹಾಗಾಗಿ ಎಷ್ಟೋ ಜನ ಒಂದು ಪುಟ ತಿರುವಿ ಹಾಕದೆ, ರಾತ್ರಿ ಪಾಳಿ ಮುಗಿಸಿಕೊಂಡು ನೇರ ಬಂದು ಕೂರುತ್ತಿದ್ದರು. ಹತ್ತು ವರ್ಷದ ಹಿಂದೆ ಕಲಿತು ಮರೆತ ಬೀಜಗಣಿತ ಎದುರಿಗೆ ನಿಲ್ಲುತ್ತಿತ್ತು. ಆ ಒಂದು ಗಳಿಗೆ ಮುಂದಿನ ಎರಡು ವರ್ಷವನ್ನು ತೀರ್ಮಾನಿಸುತ್ತದೆ ಎಂಬುದು ಗೊತ್ತಾಗುತ್ತಿದ್ದುದು ಫಲಿತಾಂಶದ ಚೀಟಿ ಕೈಗೆ ಬಂದ ಮೇಲೆ.

ಕೆಳಗಿನ ತರಗತಿಗೆ ಮೊದಲು ಇದ್ದ ಹೆಸರು 'ರಿಮೀಡಿಯಲ್'. ಬಿ.ಎಡ್. ಮಾಡಿದ ಮೇಷ್ಟ್ರುಗಳಿಗೆ ಈ ಮಾತು ಗೊತ್ತು. ನಮ್ಮ ಪಠ್ಯಗಳಲ್ಲಿ ಅದು 'ಪರಿಹಾರ ಬೋಧನೆ'. ಅದಕ್ಕೆ ಮುಂಚೆ ಮಾಡುವುದು 'ನೈದಾನಿಕ ಪರೀಕ್ಷೆ'. ನಿದಾನ, ಪರಿಹಾರ ಎರಡೂ ಆಸ್ಪತ್ರೆಯಿಂದ ಬಂದ ಮಾತುಗಳು. ಮೊದಲೇ ರೋಗಿ ಅಂತ ತೀರ್ಮಾನ ಮಾಡಿಟ್ಟುಕೊಂಡು ಆಮೇಲೆ ನಾಡಿ ಹಿಡಿಯುವುದು. ರೋಗ ಇರುವುದು ಹುಡುಗನ ತಲೆಯಲ್ಲಿ, ಅವನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇರಲಿಲ್ಲ ಎಂಬುದು ರೋಗದ ಪಟ್ಟಿಯಲ್ಲಿ ಬರುವುದಿಲ್ಲ. ಈ ಹೆಸರಿಗೆ ಅವಮಾನದ ವಾಸನೆ ಬಂತು ಅಂತ 'ಡೆವಲಪ್‌ಮೆಂಟಲ್', ಅಂದರೆ ಬೆಳವಣಿಗೆಯ ತರಗತಿ, ಎಂದು ಹೊಸ ಹೆಸರಿಟ್ಟರು. ಕೋಣೆ ಅದೇ, ಬೆಂಚು ಅದೇ, ಕೂತವರೂ ಅವರೇ. ಹೊಸ ಹೆಸರಿಟ್ಟು ಹಳೇ ಜಾಗದಲ್ಲೇ ಕೂರಿಸುವ ಕಲೆ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆ ತರಗತಿಗೆ ಫೀಸು ಕಟ್ಟಬೇಕು. ಆದರೆ ಅಲ್ಲಿ ಗಳಿಸಿದ ಕ್ರೆಡಿಟ್ಟು ಸಾಮಾನ್ಯವಾಗಿ ಡಿಗ್ರಿಯ ಲೆಕ್ಕಕ್ಕೆ ಸೇರುವುದಿಲ್ಲ. ಬಡ ವಿದ್ಯಾರ್ಥಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟಿಗೆ ಒಂದು ಮಿತಿ ಇದೆ. 2012ರಿಂದ ಅದು ಜೀವಮಾನಕ್ಕೆ 12 ಸೆಮಿಸ್ಟರು. ಲೆಕ್ಕಕ್ಕಿಲ್ಲದ ತರಗತಿಗೆ ಆ ಹಣ ಸುರಿದರೆ, ಲೆಕ್ಕಕ್ಕಿರುವ ತರಗತಿಗೆ ಬರುವ ಹೊತ್ತಿಗೆ ಜೇಬು ಅಷ್ಟು ಹಗುರ. ಗಣಿತದಲ್ಲಂತೂ ಇದು ಒಂದು ತರಗತಿಯಲ್ಲ, ಏಣಿ. ಅಂಕಗಣಿತ, ಬೀಜಗಣಿತದ ಪೂರ್ವಪಾಠ, ಮೊದಲ ಬೀಜಗಣಿತ, ನಡುವಿನ ಬೀಜಗಣಿತ ಎಂದು ಮೂರು ನಾಲ್ಕು ಮೆಟ್ಟಿಲು ಹತ್ತಿ ಆಮೇಲೆ ಕಾಲೇಜಿನ ಗಣಿತ. ನರ್ಸಾಗಲು ಬಂದವಳಿಗೂ ಇದೇ, ಚಿತ್ರ ಬರೆಯಲು ಬಂದವನಿಗೂ ಇದೇ.

ಈ ಏಣಿಯ ಲೆಕ್ಕ ನಾವೇ ಹಾಕಿ ನೋಡೋಣ, ಅಂಕಿ ನಮ್ಮ ಊಹೆಯದು. 100 ಜನ ಕಾಲೇಜಿನ ಗಣಿತಕ್ಕಿಂತ ಮೂರು ಮೆಟ್ಟಿಲು ಕೆಳಗೆ ಶುರು ಮಾಡುತ್ತಾರೆ ಅನ್ನಿ. ಪ್ರತಿ ತರಗತಿಯಲ್ಲೂ 100ಕ್ಕೆ 70 ಜನ ಪಾಸಾಗುತ್ತಾರೆ. ಒಳ್ಳೆ ಫಲಿತಾಂಶವೇ, ಯಾವ ಮೇಷ್ಟ್ರೂ ಬೆನ್ನು ತಟ್ಟಿಕೊಳ್ಳಬಹುದು. ಪಾಸಾದವರಲ್ಲಿ 100ಕ್ಕೆ 80 ಜನ ಮುಂದಿನ ತರಗತಿಗೆ ಹೆಸರು ಬರೆಸುತ್ತಾರೆ. ಉಳಿದವರಿಗೆ ಕೆಲಸದ ಪಾಳಿ ಬದಲಾಗಿರುತ್ತದೆ, ಬಸುರಿಯಾಗಿರುತ್ತಾಳೆ, ಬಾಡಿಗೆ ಏರಿರುತ್ತದೆ, ಏನೋ ಒಂದು. ಮೊದಲ ತರಗತಿಯಲ್ಲಿ 70 ಪಾಸು, ಮುಂದೆ ಹೋದವರು 56. ಅದರಲ್ಲಿ 39 ಪಾಸು, ಮುಂದೆ ಹೋದವರು 31. ಅದರಲ್ಲಿ 22 ಪಾಸು, ಕಾಲೇಜಿನ ಗಣಿತಕ್ಕೆ ಬಂದವರು 18ಕ್ಕೆ ಹತ್ತಿರ, ಅದನ್ನು ಪಾಸು ಮಾಡಿದವರು 12. ನೂರರಲ್ಲಿ ಹನ್ನೆರಡು! ಯಾರೂ ಯಾರನ್ನೂ ಹೊರಗೆ ತಳ್ಳಲಿಲ್ಲ. ಯಾವ ಮೇಷ್ಟ್ರೂ ಕೆಟ್ಟವನಲ್ಲ. ಮೆಟ್ಟಿಲು ಜಾಸ್ತಿ ಇಟ್ಟದ್ದೊಂದೇ ಸಾಕಾಯಿತು.

ಊಹೆ ಬಿಟ್ಟು ನಿಜದ ಅಂಕಿಗೆ ಬಂದರೂ ಸಮಾಧಾನವಿಲ್ಲ. ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಕಮ್ಯುನಿಟಿ ಕಾಲೇಜುಗಳ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಅಲ್ಲಿನ ಥಾಮಸ್ ಬೇಲಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದು: ಕೆಳಗಿನ ತರಗತಿಗಳಿಗೆ ಹಾಕಲ್ಪಟ್ಟವರಲ್ಲಿ ಇಡೀ ಏಣಿಯನ್ನು ಹತ್ತಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ. ಸುಮಾರು 30 ಶೇಕಡ ಜನ ಆ ತರಗತಿಗೆ ಹೆಸರನ್ನೇ ಬರೆಸಿರಲಿಲ್ಲ. ಚೀಟಿ ನೋಡಿ ಮನೆಗೆ ಹೋದವರು ಅವರು. 2012ರಲ್ಲಿ ಅದೇ ಕೇಂದ್ರದ ಜುಡಿತ್ ಸ್ಕಾಟ್-ಕ್ಲೇಟನ್ ಪರೀಕ್ಷೆಯನ್ನೇ ಪರೀಕ್ಷೆ ಮಾಡಿದರು. ಗಣಿತದಲ್ಲಿ ನಾಲ್ಕರಲ್ಲೊಬ್ಬ, ಇಂಗ್ಲಿಷಿನಲ್ಲಿ ಮೂವರಲ್ಲೊಬ್ಬ ತೀರಾ ತಪ್ಪು ಜಾಗದಲ್ಲಿ ಕೂತಿದ್ದ ಎಂಬುದು ಅವರ ಲೆಕ್ಕ. ಅದರಲ್ಲೂ ಮೇಲೆ ಕೂರಬೇಕಾದವರನ್ನು ಕೆಳಗೆ ಕೂರಿಸಿದ್ದೇ ಹೆಚ್ಚು. ಹೈಸ್ಕೂಲಿನ ನಾಲ್ಕು ವರ್ಷದ ಅಂಕಗಳನ್ನು ನೋಡಿದ್ದರೆ ಇಷ್ಟು ತಪ್ಪು ಆಗುತ್ತಿರಲಿಲ್ಲವಂತೆ. ಆ ಅಂಕಗಳು ಯಾವಾಗಲೂ ಕಡತದಲ್ಲಿದ್ದವು, ತೆಗೆದು ನೋಡುವ ತೊಂದರೆ ಯಾರೂ ತೆಗೆದುಕೊಂಡಿರಲಿಲ್ಲ.

ಇದೆಲ್ಲ 2010ರ ನಂತರ ಗೊತ್ತಾದ ಸಂಗತಿ ಅಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. 1960ರಲ್ಲೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಜೂನಿಯರ್ ಕಾಲೇಜೊಂದನ್ನು ನೋಡಿ ಬರೆದಿದ್ದರು. ಈ ಕಾಲೇಜುಗಳು ಸದ್ದಿಲ್ಲದೆ ಮಾಡುವ ಒಂದು ಕೆಲಸಕ್ಕೆ ಅವರು 'ಕೂಲಿಂಗ್ ಔಟ್' ಎಂಬ ಮಾತು ಬಳಸಿದರು, ತಣ್ಣಗೆ ಮಾಡುವುದು ಅಂತ. ಆ ಮಾತಿನ ಮೂಲ ವಂಚಕರ ಗುಂಪು. ಮೂರೆಲೆ ಆಟದಲ್ಲಿ ಒಬ್ಬನ ದುಡ್ಡು ಹೊಡೆದ ಮೇಲೆ ಗುಂಪಿನ ಒಬ್ಬ ಹಿಂದೆ ಉಳಿಯುತ್ತಾನೆ. ಕಳೆದುಕೊಂಡವನ ಹೆಗಲ ಮೇಲೆ ಕೈ ಹಾಕಿ, ಹೋಗ್ಲಿ ಬಿಡಣ್ಣ, ನಿನ್ನ ನಸೀಬು, ಅಂತ ಸಮಾಧಾನ ಹೇಳುತ್ತಾನೆ. ಅವನು ಪೊಲೀಸಿಗೆ ಹೋಗದ ಹಾಗೆ ನೋಡಿಕೊಳ್ಳುವುದೇ ಇವನ ಕೂಲಿ. ಅರ್ವಿಂಗ್ ಗಾಫ್‌ಮನ್ 1952ರಲ್ಲಿ ಇದನ್ನು ವಿವರಿಸಿದ್ದರು, ಕ್ಲಾರ್ಕ್ ಕಾಲೇಜಿಗೆ ತಂದರು. ಎಲ್ಲರಿಗೂ ಡಿಗ್ರಿ ಎಂಬ ಆಸೆ ಹುಟ್ಟಿಸುತ್ತದೆ ಸಮಾಜ, ಎಲ್ಲರಿಗೂ ಜಾಗ ಇಟ್ಟಿರುವುದಿಲ್ಲ. ಆಗ ಪ್ರವೇಶದ ಪರೀಕ್ಷೆ, ಕೆಳಗಿನ ತರಗತಿ, ಕೌನ್ಸೆಲರಿನ ಮೆದು ಮಾತು, ಇವೆಲ್ಲ ಸೇರಿ ಹುಡುಗ ತಾನಾಗೇ 'ನನ್ನ ಕೈಲಾಗಲ್ಲ' ಅಂತ ಒಪ್ಪಿಕೊಳ್ಳುವ ಹಾಗೆ ಮಾಡುತ್ತವೆ. ಕ್ಲಾರ್ಕ್ ಇದನ್ನು ಸಿಟ್ಟಿನಿಂದ ಬರೆಯಲಿಲ್ಲ, ವ್ಯವಸ್ಥೆ ನಡೆಯಬೇಕಾದರೆ ಇಂಥದೊಂದು ಏರ್ಪಾಡು ಇರುತ್ತದೆ ಎಂಬ ತಣ್ಣನೆ ದನಿಯಲ್ಲಿ ಬರೆದರು. ಆ ತಣ್ಣನೆ ದನಿ ಓದಿದಾಗಲೇ ನಮಗೆ ಹೆಚ್ಚು ಉರಿ ಹತ್ತಿದ್ದು. ಬಾಗಿಲಲ್ಲಿ ತಡೆದರೆ ಜನ ಕಲ್ಲು ಹೊಡೆಯುತ್ತಾರೆ. ಒಳಗೆ ಕರೆದು ಸೋಲಿಸಿ ಕಳಿಸಿದರೆ ತನ್ನ ತಲೆಗೆ ತಾನೇ ಹೊಡೆದುಕೊಳ್ಳುತ್ತಾರೆ.

ಕಲ್ಲು ಹೊಡೆಯದಿದ್ದರೂ ಬೀಗ ಹಾಕಿದ ಒಂದು ಪ್ರಸಂಗ ಉಂಟು. 1969ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನ ಕಪ್ಪು ಮತ್ತು ಪೋರ್ಟೊರಿಕನ್ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣ ಭಾಗಕ್ಕೆ ಒಳಗಿನಿಂದ ಬೀಗ ಜಡಿದು ಕೂತರು. 1847ರಲ್ಲಿ ಬಡವರ ಮಕ್ಕಳಿಗೆಂದು ಶುರುವಾದ, ಫೀಸಿಲ್ಲದ ಕಾಲೇಜು ಅದು. ಹಾರ್ಲೆಮ್ಮಿನ ನಡುವೆ ಇದ್ದರೂ ಹಾರ್ಲೆಮ್ಮಿನ ಮಕ್ಕಳು ಅದರೊಳಗೆ ಬೆರಳೆಣಿಕೆಯಷ್ಟು. ನಗರದ ಹೈಸ್ಕೂಲುಗಳಲ್ಲಿ ಯಾವ ಜನ ಎಷ್ಟಿದ್ದಾರೋ ಕಾಲೇಜಿನಲ್ಲೂ ಅಷ್ಟಿರಬೇಕು ಎಂಬುದು ಅವರ ಬೇಡಿಕೆಗಳಲ್ಲೊಂದು. ಕೇಳಿದ್ದೊಂದು, ಸಿಕ್ಕಿದ್ದು ಇನ್ನೊಂದು. 1975ಕ್ಕೆ ಜಾರಿಗೆ ತರೋಣ ಎಂದಿದ್ದ 'ಮುಕ್ತ ಪ್ರವೇಶ'ವನ್ನು ಆಡಳಿತ 1970ಕ್ಕೇ ತಂದಿತು. ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಜಾಗ. ಆ ವರ್ಷ ಸುಮಾರು 35 ಸಾವಿರ ಹೊಸಬರು ಬಂದರು. ಬೀಗ ಹಾಕಿದ್ದು ಕಪ್ಪು ಮಕ್ಕಳು, ಆದರೆ ಇಟಾಲಿಯನ್, ಐರಿಷ್ ಕೂಲಿಕಾರರ ಬಿಳಿ ಮಕ್ಕಳೂ ಸಾವಿರಗಟ್ಟಲೆ ಒಳಗೆ ಬಂದರು. ಕೆಳಗಿನವರು ತಳ್ಳಿದ ಬಾಗಿಲಲ್ಲಿ ಎಲ್ಲ ಬಡವರೂ ನುಗ್ಗಿದ್ದನ್ನು ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಹಾಕುತ್ತಾರೆ.

ಹೊಸಬರಿಗೆಲ್ಲ ಜಾಗ ಗೊತ್ತುಮಾಡಲು ಒಂದು ಪ್ರಬಂಧ ಬರೆಸಿದರು. 1970ರಿಂದ 1974ರವರೆಗೆ ಸಿಟಿ ಕಾಲೇಜಿನಲ್ಲಿ ಹಾಗೆ ಬರೆದ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಮಿನಾ ಶಾನೆಸಿ ಎಂಬ ಮೇಡಂ ಕೂತು ಓದಿದರು. ದಕ್ಷಿಣ ಡಕೋಟಾದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದವರು, ಪಿಎಚ್‌ಡಿ ಮಾಡಿದವರಲ್ಲ. 1977ರಲ್ಲಿ ಅವರ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್' ಎಂಬ ಪುಸ್ತಕ ಬಂತು, ತಪ್ಪುಗಳು ಮತ್ತು ನಿರೀಕ್ಷೆಗಳು ಅಂತ. ಮರುವರ್ಷ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಪುಸ್ತಕ ಉಳಿಯಿತು.

ಕೈಬರಹ ಮತ್ತು ಲೇಖನಚಿಹ್ನೆ, ವಾಕ್ಯರಚನೆ, ಸಾಮಾನ್ಯ ತಪ್ಪುಗಳು, ಕಾಗುಣಿತ, ಶಬ್ದಸಂಪತ್ತು, ಹೀಗೆ ಅಧ್ಯಾಯಗಳು. ಪರಿವಿಡಿ ನೋಡಿದರೆ ಹೈಸ್ಕೂಲಿನ ವ್ಯಾಕರಣ ಪುಸ್ತಕವೇ ಅನಿಸುತ್ತದೆ. ಒಳಗೆ ಹೋದರೆ ಬೇರೆ. ಅಲ್ಲಿಯ ತನಕ ಪ್ರೊಫೆಸರುಗಳು ಆ ಪ್ರಬಂಧಗಳನ್ನು ನೋಡಿ, ಇವರಿಗೆ ಯೋಚನೆಯೇ ಬರುವುದಿಲ್ಲ ಅಂತ ಕೈ ತೊಳೆದುಕೊಂಡಿದ್ದರು. ಶಾನೆಸಿ ಮಾಡಿದ್ದು ಒಂದೇ ಕೆಲಸ, ತಪ್ಪನ್ನು ಓದಿದರು. ಕವಿತೆ ಓದುವಷ್ಟು ಗಮನದಿಂದ ಓದಿದರು. ಒಬ್ಬ ಹುಡುಗ ಕ್ರಿಯಾಪದಕ್ಕೆ 'ಎಸ್' ಹಚ್ಚುವುದನ್ನು ಮರೆಯುತ್ತಾನೆ, ಯಾಕೆಂದರೆ ಅವನ ಮನೆಯ ಇಂಗ್ಲಿಷಿನಲ್ಲಿ ಅದಿಲ್ಲ. ಎಲ್ಲೋ ಬೈಸಿಕೊಂಡ ಮೇಲೆ ಬೇಡದ ಕಡೆಯೂ ಹಚ್ಚುತ್ತಾನೆ. ಮೇಷ್ಟ್ರಿಗೆ ಎರಡೂ ಕೆಂಪು ಗೆರೆ. ಶಾನೆಸಿಗೆ ಎರಡನೆಯದು ಕಲಿಕೆಯ ಗುರುತು, ನಿಯಮವೊಂದು ಅವನೊಳಗೆ ಕಾಲೂರುತ್ತಿರುವ ಸದ್ದು. ತಪ್ಪಿಗೂ ಒಂದು ತರ್ಕವಿದೆ, ಈ ಮಕ್ಕಳು ದಡ್ಡರಲ್ಲ, ಬರಹಕ್ಕೆ ಹೊಸಬರು, ಹೊಸಬರೆಲ್ಲ ಕಲಿಯುವುದು ತಪ್ಪು ಮಾಡಿಯೇ ಎಂಬುದು ಪುಸ್ತಕದ ಬೆನ್ನೆಲುಬು. ಬಿಳಿ ಹಾಳೆಯ ಮೇಲೆ ಪೆನ್ನಿಟ್ಟರೆ ತನಗೆ ಗೊತ್ತಿಲ್ಲದ್ದೆಲ್ಲ ಬಯಲಾಗುತ್ತದೆ ಅಂತ ನಡುಗುವ ಕೈಯನ್ನು ಅವರು ಬಲ್ಲರು. ಮನೆಯಲ್ಲಿ ಮೊದಲು ಡಿಗ್ರಿ ಮುಟ್ಟಿದ ನಮ್ಮಂಥವರಿಗೆ ಆ ಪುಟಗಳನ್ನು ಓದುವಾಗ ಬೆರಳು ಬೆವರಿತು.

ಅವರ ಇನ್ನೊಂದು ಚಿಕ್ಕ ಲೇಖನ 1976ರದು. ಅದು ಇನ್ನೂ ಹರಿತ. ಬೆಳವಣಿಗೆಯ ಅಳತೆಗೋಲನ್ನು ವಿದ್ಯಾರ್ಥಿಯ ಕೈಯಿಂದ ಕಿತ್ತು ಮೇಷ್ಟ್ರ ಬೆನ್ನಿಗೆ ಇಟ್ಟರು. ಮೊದಲ ಹಂತದ ಮೇಷ್ಟ್ರು ಕೋಟೆ ಕಾಯುತ್ತಾನೆ. ಎರಡನೆಯವನು ಮಿಷನರಿ, ಬಂದವರನ್ನು ಮತಾಂತರಿಸಲು ನೋಡುತ್ತಾನೆ. ಮೂರನೆಯವನು ನೀರು ಎಷ್ಟಾಳ ಅಂತ ನೋಡುತ್ತಾನೆ, ಅಂದರೆ ವಿದ್ಯಾರ್ಥಿಯನ್ನೂ ತನ್ನ ವಿಷಯವನ್ನೂ ಹೊಸದಾಗಿ ಗಮನಿಸುತ್ತಾನೆ. ನಾಲ್ಕನೆಯವನು ಧುಮುಕುತ್ತಾನೆ. ಮೇಷ್ಟ್ರುಗಳಿಗೇ ಒಂದು ಪ್ಲೇಸ್‌ಮೆಂಟ್ ಟೆಸ್ಟ್! ನಮ್ಮ ಓದುಗರಲ್ಲಿ ಅರ್ಧ ಜನ ಮೇಷ್ಟ್ರುಗಳು. ನಾವು ಯಾವ ಹಂತದಲ್ಲಿದ್ದೇವೆ ಅಂತ ಸ್ಟಾಫ್ ರೂಮಿನಲ್ಲಿ ಕೇಳಿಕೊಂಡರೆ ಜಗಳವಂತೂ ಗ್ಯಾರಂಟಿ.

ಇಷ್ಟು ಮೆಚ್ಚಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಶಾನೆಸಿ ತಪ್ಪನ್ನು ಪ್ರೀತಿಯಿಂದ ಓದಿದರು, ಅದನ್ನು ತಪ್ಪು ಅಂತ ಕರೆದವರು ಯಾರು ಎಂಬುದನ್ನು ಪೂರ್ತಿ ಕೇಳಲಿಲ್ಲ. ಅವರ ಪುಸ್ತಕದಲ್ಲಿ ಮನೆಮಾತು ಮತ್ತು ಕಾಲೇಜಿನ ಮಾತು ಎರಡು ದಡಗಳು, ನಡುವೆ ಒಳ್ಳೆ ಸೇತುವೆ ಕಟ್ಟಿದರೆ ಹುಡುಗ ಸುಖವಾಗಿ ದಾಟುತ್ತಾನೆ. ದಾಟಿದವನು ಅದೇ ಹುಡುಗನಾಗಿ ಉಳಿಯುತ್ತಾನೆಯೆ? 1992ರಲ್ಲಿ ಮಿನ್-ಝಾನ್ ಲೂ ಎಂಬ, ಚೀನಾದಲ್ಲಿ ಹುಟ್ಟಿದ ಪ್ರಾಧ್ಯಾಪಕಿ ಇದನ್ನೇ ಕೇಳಿದರು. ಕಾಲೇಜಿನ ಭಾಷೆ ಬರೀ ಬಟ್ಟೆಯಲ್ಲ, ತೊಟ್ಟು ಬಿಚ್ಚುವುದಕ್ಕೆ. ಅದರ ಜೊತೆ ಒಂದು ಲೋಕದೃಷ್ಟಿಯೂ ಬರುತ್ತದೆ. ಮನೆಗೂ ಅದಕ್ಕೂ ಆಗುವ ಘರ್ಷಣೆಯನ್ನು ಮುಚ್ಚಿಡದೆ ಅದನ್ನೇ ಬರಹದ ಬಂಡವಾಳ ಮಾಡಿಕೊಳ್ಳಬೇಕು ಎಂಬುದು ಅವರ ವಾದ. ಈ ವಾದದ ಕಡೆಗೆ ನಾವು ವಾಲುತ್ತೇವೆ. ಹಾಗಂತ ಕಾಗುಣಿತ ಕಲಿಸುವುದೇ ದಬ್ಬಾಳಿಕೆ ಅನ್ನುವ ಕೆಲವು ಗೆಳೆಯರ ಜೊತೆ ನಾವಿಲ್ಲ. ಕಾಗುಣಿತ ಬಲ್ಲವರಿಗೆ ಮಾತ್ರ ಆ ಮಾತು ಸಲೀಸು.

ಶಾನೆಸಿಯ ಅದೇ ಕಾಲೇಜಿನಲ್ಲಿ, ಮುಕ್ತ ಪ್ರವೇಶಕ್ಕೂ ಮೊದಲೇ ಸೀಕ್ ಎಂಬ ಯೋಜನೆಯಡಿ ಬಡ ಮಕ್ಕಳಿಗೆ ಪಾಠ ಹೇಳಲು 1960ರ ದಶಕದಲ್ಲಿ ಬಂದವರ ಹೆಸರು ನೋಡಿ: ಆಡ್ರಿ ಲಾರ್ಡ್, ಜೂನ್ ಜಾರ್ಡನ್, ಟೋನಿ ಕೇಡ್ ಬಂಬಾರ, ಏಡ್ರಿಯನ್ ರಿಚ್. ಮೂವರು ಕವಿಗಳು, ಒಬ್ಬ ಕತೆಗಾರ್ತಿ. ವಿಮರ್ಶಕರು ಇವರ ಕಾವ್ಯದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಈ ತರಗತಿಗಳ ವಿಷಯ ಬಂದರೆ ಒಂದು ಸಾಲು. ನಮ್ಮ ಅಂದಾಜು ಬೇರೆ. ಕೆಳಗಿನ ತರಗತಿ ಅಂತ ಲೋಕ ಕರೆದ ಕೋಣೆಯಲ್ಲಿ ಆ ದೇಶದ ಕಾವ್ಯ ತನ್ನ ಕಿವಿಯನ್ನು ತೊಳೆದುಕೊಂಡಿತು.

ಜೂನ್ ಜಾರ್ಡನ್ 1985ರಲ್ಲಿ ಬರೆದ ಒಂದು ಪ್ರಬಂಧವಿದೆ. ಅದು ಸ್ಟೋನಿ ಬ್ರೂಕ್ ಎಂಬ ನಾಲ್ಕು ವರ್ಷದ ವಿಶ್ವವಿದ್ಯಾಲಯದ ಕತೆ, ಆದರೂ ನಮ್ಮ ವಿಷಯಕ್ಕೆ ಸೇರಿದ್ದು. ಆಲಿಸ್ ವಾಕರಳ 'ದ ಕಲರ್ ಪರ್ಪಲ್' ಓದಿಸಿದಾಗ ಕಪ್ಪು ವಿದ್ಯಾರ್ಥಿಗಳೇ ಮೂಗು ಮುರಿದರು. ಇದೇನು ಭಾಷೆ, ಹೀಗೂ ಬರೀತಾರಾ ಅಂತ. ಮನೆಯಲ್ಲಿ ತಾವೇ ಆಡುವ ಮಾತು ಅಚ್ಚಿನಲ್ಲಿ ಕಂಡಾಗ ಅವರಿಗೇ ಅಸಹ್ಯವಾಗಿತ್ತು. ಪರೀಕ್ಷೆ ಅಷ್ಟು ಒಳಗೆ ಇಳಿದಿತ್ತು. ಆಮೇಲೆ ಅವರೇ ಕೂತು ಕಪ್ಪು ಇಂಗ್ಲಿಷಿನ ನಿಯಮಗಳನ್ನು ಹುಡುಕಿ ಬರೆದರು. ಆ ನಡುವೆ ಒಬ್ಬ ವಿದ್ಯಾರ್ಥಿಯ ಒಡಹುಟ್ಟಿದವನನ್ನು ಬ್ರೂಕ್ಲಿನ್‌ನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ತರಗತಿ ಪೊಲೀಸರಿಗೆ, ಪತ್ರಿಕೆಗೆ ಕಾಗದ ಬರೆಯಲು ನಿಂತಿತು. ಯಾವ ಇಂಗ್ಲಿಷಿನಲ್ಲಿ? ಒಪ್ಪಿತ ಇಂಗ್ಲಿಷಿನಲ್ಲಿ ಬರೆದರೆ ಓದಿಯಾರು, ಆದರೆ ಅದು ಕೊಂದವರ ಭಾಷೆ. ನಮ್ಮದರಲ್ಲಿ ಬರೆದರೆ ಬುಟ್ಟಿಗೆ ಹೋಗುತ್ತದೆ. ವಾದ ಮಾಡಿ, ಅಳುತ್ತಾ, ಗೊತ್ತಿದ್ದೂ ಗೊತ್ತಿದ್ದೂ ತಮ್ಮ ಭಾಷೆಯಲ್ಲೇ ಬರೆಯುವುದೆಂದು ತೀರ್ಮಾನಿಸಿದರು. ಪತ್ರಿಕೆ ಅದನ್ನು ಹಾಕಲಿಲ್ಲ. ಸೇತುವೆಯ ಮೇಲೆ ನಡೆಯುವವನು ಹೊತ್ತಿರುವ ಹೊರೆ ಎಷ್ಟೆಂದು ತಿಳಿಯಬೇಕಾದವರು ಶಾನೆಸಿಯ ಜೊತೆಗೆ ಇದನ್ನೂ ಓದಬೇಕು.

ಮೂರನೆಯ ಬರಹ ಮೈಕ್ ರೋಸ್ ಅವರ 'ಲೈವ್ಸ್ ಆನ್ ದ ಬೌಂಡರಿ', 1989ರದು. ಇಟಲಿಯಿಂದ ಬಂದ ಬಡ ಕುಟುಂಬದ ಮಗ, ಬೆಳೆದದ್ದು ಲಾಸ್ ಏಂಜಲಿಸ್‌ನ ದಕ್ಷಿಣ ಭಾಗದಲ್ಲಿ. ಹೈಸ್ಕೂಲಿಗೆ ಸೇರುವಾಗ ಬರೆದ ಪರೀಕ್ಷೆಯ ಅಂಕಗಳು ರೋಸ್ ಎಂಬ ಇನ್ನೊಬ್ಬ ಹುಡುಗನ ಅಂಕಗಳ ಜೊತೆ ಅದಲು ಬದಲಾದವು. ಅಷ್ಟರಿಂದ ಎರಡು ವರ್ಷ ಈ ಹುಡುಗ ಓದಿಗೆ ಲಾಯಕ್ಕಿಲ್ಲದವರ ಕಸುಬಿನ ವಿಭಾಗದಲ್ಲಿ ಕೂತ. ಒಬ್ಬ ಮೇಷ್ಟ್ರು ಅನುಮಾನ ಬಂದು ಕಡತ ತೆಗೆಸುವ ತನಕ ಮನೆಯವರಿಗೂ ಗೊತ್ತಿಲ್ಲ, ಶಾಲೆಗೂ ಗೊತ್ತಿಲ್ಲ. ಮುಂದೆ ಅವರೇ ಕೆಳಗಿನ ತರಗತಿಗಳ ಮೇಷ್ಟ್ರಾಗಿ, ದೊಡ್ಡ ಪ್ರಾಧ್ಯಾಪಕರಾಗಿ 2021ರಲ್ಲಿ ತೀರಿಕೊಂಡರು. ಈ ಕತೆಯನ್ನು ಓದಿ ಎಲ್ಲರೂ ಅಯ್ಯೋ ಪಾಪ, ಎಂಥ ಅಚಾತುರ್ಯ ಅನ್ನುತ್ತಾರೆ. ನಮಗೆ ಕಾಡಿದ್ದು ಬೇರೆ ಪ್ರಶ್ನೆ. ಆ ವಿಭಾಗದಲ್ಲಿ ಅಚಾತುರ್ಯದಿಂದಲ್ಲ, 'ಸರಿಯಾಗಿ' ಬಂದು ಕೂತಿದ್ದ ಮಿಕ್ಕ ಹುಡುಗರ ಗತಿ ಏನು? ರೋಸ್ ಅವರ ಹೆಚ್ಚುಗಾರಿಕೆ ಇಲ್ಲೇ ಇದೆ. ಅವರು ತನ್ನ ಪಾರಾದ ಕತೆಯನ್ನು ಗೆಲುವಿನ ಕತೆ ಮಾಡಲಿಲ್ಲ. ಪಕ್ಕದ ಬೆಂಚಿನವರ ಹತ್ತಿರ ವಾಪಸು ಹೋಗಿ, ಅವರ ತಲೆಯೊಳಗೆ ನಡೆಯುತ್ತಿದ್ದ ಯೋಚನೆಗಳನ್ನು ಬರೆದರು.

ಇನ್ನು ರಾಜಕಾರಣಕ್ಕೆ ಬರೋಣ. ಕಪ್ಪು, ಪೋರ್ಟೊರಿಕನ್ ಮಕ್ಕಳು ಬಂದು ಆರು ವರ್ಷ ಆಗಿತ್ತು. 1976ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು, 129 ವರ್ಷ ಫೀಸಿಲ್ಲದೆ ನಡೆದ ಕಾಲೇಜಿಗೆ ಫೀಸು ಬಂತು. 1999ರಲ್ಲಿ, ಮೇಯರ್ ಜೂಲಿಯಾನಿಯ ಕಾಲದಲ್ಲಿ, ನಾಲ್ಕು ವರ್ಷದ ಕಾಲೇಜುಗಳಲ್ಲಿ ಕೆಳಗಿನ ತರಗತಿಗಳನ್ನು ರದ್ದು ಮಾಡುವ ತೀರ್ಮಾನ ಗಟ್ಟಿಯಾಯಿತು. ಪರೀಕ್ಷೆಯಲ್ಲಿ ಬಿದ್ದವರು ಕಮ್ಯುನಿಟಿ ಕಾಲೇಜಿಗೆ ಹೋಗಲಿ ಅಂತ. 2023ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯ ಕಮ್ಯುನಿಟಿ ಕಾಲೇಜುಗಳಲ್ಲೂ ಹಳೇ ಮಾದರಿಯ ಕೆಳಗಿನ ತರಗತಿಗಳನ್ನು ಮುಚ್ಚಿತು. ಎರಡಕ್ಕೂ ಪತ್ರಿಕೆಗಳಲ್ಲಿ ಒಂದೇ ಹೆಸರು, 'ರಿಮೀಡಿಯಲ್ ರದ್ದು'. ಆದರೆ ಮೊದಲ ಸಲ ತರಗತಿ ತೆಗೆದು ಪರೀಕ್ಷೆಯನ್ನು ಉಳಿಸಿದರು, ಪರೀಕ್ಷೆ ಗೋಡೆಯಾಯಿತು. ಎರಡನೇ ಸಲ ಗೋಡೆಯನ್ನೂ ಕೆಡವಿದರು, ವಿದ್ಯಾರ್ಥಿ ನೇರ ಕಾಲೇಜಿನ ತರಗತಿಗೆ ಬಂದ, ಕಷ್ಟವಾದವರಿಗೆ ಪಕ್ಕದಲ್ಲೇ ಹೆಚ್ಚಿನ ಪಾಠ. ಯಾವುದನ್ನು ರದ್ದು ಮಾಡಿದರು ಅಂತ ಕೇಳಿದರೆ ಸಾಲದು, ಯಾವುದನ್ನು ಉಳಿಸಿಕೊಂಡರು ಅಂತಲೂ ಕೇಳಬೇಕು.

ಎರಡನೆಯದಕ್ಕೆ ಪುರಾವೆ ಇತ್ತು. 2013ರಲ್ಲಿ ಅದೇ ನಗರದ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ, ಬೀಜಗಣಿತದ ಕೆಳಗಿನ ತರಗತಿಗೆ ಹಾಕಬೇಕೆಂದು ಪರೀಕ್ಷೆ ಹೇಳಿದ ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಳಗಿನ ಬೀಜಗಣಿತಕ್ಕೆ ಹೋದ ಗುಂಪಿನಲ್ಲಿ ಪಾಸಾದವರು 39 ಶೇಕಡ. ನೇರ ಕಾಲೇಜಿನ ಸಂಖ್ಯಾಶಾಸ್ತ್ರಕ್ಕೆ ಹೋಗಿ, ಜೊತೆಗೆ ವಾರಕ್ಕೊಂದು ಹೆಚ್ಚಿನ ಪಾಠ ಪಡೆದ ಗುಂಪಿನಲ್ಲಿ 56 ಶೇಕಡ. ಮೇಲಿನ ತರಗತಿಗೆ ನಾಲಾಯಕ್ಕು ಅಂತ ಯಂತ್ರ ಬರೆದುಕೊಟ್ಟವರು ಮೇಲಿನ ತರಗತಿಯಲ್ಲೇ ಹೆಚ್ಚು ಪಾಸಾದರು. 2013ರಲ್ಲಿ ಫ್ಲಾರಿಡಾ ಬಹುಪಾಲು ವಿದ್ಯಾರ್ಥಿಗಳಿಗೆ ಪರೀಕ್ಷೆಯನ್ನೇ ಐಚ್ಛಿಕ ಮಾಡಿತು, 2015ರಲ್ಲಿ ಟೆನೆಸಿ, 2017ರಲ್ಲಿ ಟೆಕ್ಸಾಸ್ ಬೇರೆ ಬೇರೆ ರೀತಿಯಲ್ಲಿ ದಾರಿ ಬದಲಿಸಿದವು. 2016ರಲ್ಲಿ ಕಂಪಾಸ್ ಪರೀಕ್ಷೆಯನ್ನು ಅದರ ಮಾಲೀಕರೇ ಹಿಂತೆಗೆದುಕೊಂಡರು. ಅಷ್ಟು ವರ್ಷ ಅದರಲ್ಲಿ ಬಿದ್ದವರಿಗೆ ಯಾರೂ ಕಾಗದ ಬರೆದು ಕ್ಷಮೆ ಕೇಳಿದ ವರದಿಯಿಲ್ಲ.

ದೊಡ್ಡ ಹೆಜ್ಜೆ ಕ್ಯಾಲಿಫೋರ್ನಿಯಾದ್ದು. 2017ರಲ್ಲಿ ಸಹಿಯಾದ ಎಬಿ 705 ಎಂಬ ಕಾನೂನು, ಹೈಸ್ಕೂಲಿನ ಅಂಕಗಳನ್ನು ನೋಡಿ ಕೂರಿಸಿ, ಮೇಲಿನ ತರಗತಿಯಲ್ಲಿ ಗೆಲ್ಲುವ ಸಂಭವ ತೀರಾ ಕಡಿಮೆ ಅಂತ ಕಾಲೇಜೇ ರುಜುವಾತು ಮಾಡದ ಹೊರತು ಕೆಳಕ್ಕೆ ಹಾಕಬೇಡಿ ಎಂದಿತು. ರುಜುವಾತಿನ ಹೊರೆ ವಿದ್ಯಾರ್ಥಿಯ ಹೆಗಲಿಂದ ಕಾಲೇಜಿನ ಹೆಗಲಿಗೆ ಬಂತು. 2022ರ ಇನ್ನೊಂದು ಕಾನೂನು ಅದನ್ನು ಬಿಗಿ ಮಾಡಿತು. ಕಾಲೇಜಿನ ಗಣಿತವನ್ನೂ ಇಂಗ್ಲಿಷನ್ನೂ ಬೇಗ ಮುಗಿಸುವವರ ಸಂಖ್ಯೆ ಏರಿತು, ಎಲ್ಲ ಜನಾಂಗದಲ್ಲೂ ಏರಿತು. ಬಿಳಿಯರಿಗೂ ಕಪ್ಪು, ಲ್ಯಾಟಿನೊ ವಿದ್ಯಾರ್ಥಿಗಳಿಗೂ ನಡುವಿನ ಅಂತರ ಮಾತ್ರ ಮುಚ್ಚಲಿಲ್ಲ. ಮೊದಲ ಸಲ ಬಿದ್ದು ಮತ್ತೆ ಬಾರದವರೂ ಇದ್ದಾರೆ. ಅದನ್ನೇ ತೋರಿಸಿ, ನೋಡಿ ಹಳೇ ಏಣಿಯೇ ಚೆನ್ನಾಗಿತ್ತು ಅನ್ನುವ ಪ್ರಾಧ್ಯಾಪಕರಿದ್ದಾರೆ. ಅವರ ಜೊತೆ ನಾವು ವಾದಕ್ಕೆ ಸಿದ್ಧ, ಮೇಲಿನ ಹನ್ನೆರಡರ ಲೆಕ್ಕ ಅವರೂ ಒಮ್ಮೆ ಹಾಕಲಿ. ಆದರೆ ಅದೇ ತಕರಾರನ್ನು ಕೆಳಗಿನ ತರಗತಿಗಳನ್ನು ಹೊತ್ತುಕೊಂಡಿದ್ದ ಅರೆಕಾಲಿಕ ಮೇಷ್ಟ್ರುಗಳು ಎತ್ತಿದಾಗ ಬೇರೆ ಕಿವಿಯಿಂದ ಕೇಳಬೇಕು. ನಮ್ಮ ಅತಿಥಿ ಉಪನ್ಯಾಸಕರ ಪಾಡೇ ಅವರದು. ತರಗತಿ ಮುಚ್ಚಿದರೆ ಅನ್ನ ಹೋಗುತ್ತದೆ. ಕಷ್ಟವಾದವರಿಗೆ ಪಕ್ಕದಲ್ಲಿ ಹೆಚ್ಚಿನ ಪಾಠ ಅಂತ ಕಾನೂನು ಬರೆದವರು, ಆ ಪಾಠ ಹೇಳುವವರಿಗೆ ಖಾಯಂ ನೌಕರಿ ಅಂತ ಬರೆಯಲಿಲ್ಲ.

ಇನ್ನೊಂದು ಗುಂಪಿದೆ, ಯಾರ ಲೆಕ್ಕಕ್ಕೂ ಸರಿಯಾಗಿ ಸಿಕ್ಕದವರು. ಹೈಸ್ಕೂಲು ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ಬರುವವರು, ಬೇರೆ ದೇಶದಲ್ಲಿ ಓದಿದವರು, ಅಂಕಪಟ್ಟಿ ತೋರಿಸಲಾಗದವರು. ಇವರಿಗೆ ಕ್ಯಾಲಿಫೋರ್ನಿಯಾದಲ್ಲಿ ಈಗ ಪ್ರಶ್ನೆಗಳ ಪಟ್ಟಿಯೊಂದನ್ನು ಕೊಡುತ್ತಾರೆ. ಅದನ್ನು ಓದಿ ನಿಮಗೆ ಯಾವ ತರಗತಿ ಸರಿ ಅಂತ ನೀವೇ ಆರಿಸಿಕೊಳ್ಳಿ ಅಂತ. ಯಂತ್ರ ತೀರ್ಪು ಕೊಡುವುದಕ್ಕಿಂತ ಇದು ಎಷ್ಟೋ ಮೇಲು, ಒಪ್ಪುತ್ತೇವೆ. ಆದರೆ ಹುಟ್ಟಿದಾಗಿನಿಂದ ನಿನ್ನ ಕೈಲಾಗಲ್ಲ ಅಂತ ಹೇಳಿಸಿಕೊಂಡು ಬಂದವಳು ಆ ಪಟ್ಟಿ ಮುಂದಿಟ್ಟುಕೊಂಡು ಯಾವ ತರಗತಿಗೆ ಗುರುತು ಹಾಕುತ್ತಾಳೆ? ಪಕ್ಕದಲ್ಲಿ ಕೂತು, ಮೇಲಿನದಕ್ಕೇ ಹಾಕಮ್ಮ, ನಾನಿದ್ದೀನಿ, ಅನ್ನಬೇಕಾದ ಒಬ್ಬ ಕೌನ್ಸೆಲರಿಗೆ ಆ ಕಾಲೇಜುಗಳಲ್ಲಿ ನೂರಾರು ವಿದ್ಯಾರ್ಥಿಗಳು.